ದಿಬ್ಬದ ಹಿಂದಿನ ಮನೆ

ನಮ್ಮ ಮನೆಯಲ್ಲಿ ಕಸವನ್ನು ಎರಡು ಸಲ ಗುಡಿಸುತ್ತಿದ್ದರು. ಮೊದಲ ಸಲದ್ದು ಸಾಧಾರಣ ಕಸ, ಅದು ತಿಪ್ಪೆಗೆ. ಎರಡನೆಯ ಸಲದ್ದು ಮರಳು. ಅದನ್ನು ಬೇರೆ ಮಂಕರಿಗೆ ತುಂಬಿ ಹಿತ್ತಲ ಬಾಗಿಲಿನಿಂದ ಹೊರಟು ದಿಬ್ಬದ ಬುಡಕ್ಕೆ ಸುರಿದು ಬರಬೇಕಿತ್ತು. ಬೀದಿಗೆ ಎಸೆದರೆ ಅಜ್ಜಿ ಬೈಯುತ್ತಿದ್ದಳು. ಆಷಾಢ ಬಂದರೆ ಅಡಿಗೆಮನೆಯ ಕಿಟಕಿಗೆ ಹಳೆ ಸೀರೆ ತುರುಕಿ, ಹಾಲಿನ ಪಾತ್ರೆಗೆ ಎರಡೆರಡು ತಟ್ಟೆ ಮುಚ್ಚಿ, ಬಾಗಿಲಿನ ಸಂದಿಗೆ ಗೋಣಿತಾಟು ಒತ್ತಿದರೂ ಮರಳು ಎಲ್ಲಿಂದಲೋ ಒಳಗೆ ಬರುತ್ತಿತ್ತು. ರಾಗಿಮುದ್ದೆಯನ್ನು ಅಗಿಯದೆ ನುಂಗಬೇಕೆಂದು ಎಲ್ಲರೂ ಹೇಳುತ್ತಾರೆ; ನಮ್ಮ ಮನೆಯಲ್ಲಿ ಅಗಿಯುವ ಧೈರ್ಯವೇ ಯಾರಿಗೂ ಇರಲಿಲ್ಲ. ಹಾಸಿಗೆ ಕೊಡವಿದರೆ ಮರಳು, ಪುಸ್ತಕ ಬಿಡಿಸಿದರೆ ಮರಳು, ತಲೆ ಬಾಚಿದರೆ ಮರಳು. ಶಾಲೆಯಲ್ಲಿ ನನ್ನನ್ನೂ ತಮ್ಮ ಶಿವುವನ್ನೂ ‘ದಿಬ್ಬದೋರು’ ಎಂದೇ ಕರೆಯುತ್ತಿದ್ದರು.

ಊರು ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಅರ್ಧ ಗಂಟೆ, ಕಾವೇರಿಯ ದಡದಲ್ಲಿ. ಹೊಳೆ ಅಲ್ಲಿ ತಿರುಗುತ್ತದೆ. ತಿರುವಿನ ಒಳಮಗ್ಗುಲಲ್ಲಿ ಬೇಸಿಗೆಗೆ ಅಗಲವಾದ ಮರಳಹಾಸು ಬೀಳುತ್ತಿತ್ತು. ಅದು ಒಣಗಿ ಹಗುರಾಗುವ ಹೊತ್ತಿಗೆ ಪಡುವಣ ಗಾಳಿ ಏಳುತ್ತಿತ್ತು, ಮರಳನ್ನು ಎತ್ತಿ ತಂದು ದಡದ ಮೇಲೆ ಗುಡ್ಡೆ ಹಾಕುತ್ತಿತ್ತು. ಹೀಗೆ ಎಷ್ಟೋ ಆಷಾಢಗಳು ಸೇರಿ ಮಾಡಿದ ದಿಬ್ಬ ಅದು, ನಮ್ಮ ಹೆಂಚಿನ ಮಾಡಿಗಿಂತ ಎತ್ತರ. ಆಚೆ ದಡದ ತಲಕಾಡಿನ ಮರಳನ್ನು ನೋಡಲು ಬಸ್ಸು ಮಾಡಿಕೊಂಡು ಜನ ಹೋಗುತ್ತಾರೆ. ನಮ್ಮದನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಬರುತ್ತಿದ್ದುದು ಆಡುಗಳು ಮಾತ್ರ. ದಿಬ್ಬದ ಮೈಮೇಲಿನ ಹುಲ್ಲಿಗೆ ಅವು ಬಾಯಿ ಹಾಕದಂತೆ ಅಜ್ಜಿ ಕೋಲು ಹಿಡಿದು ಕೂರುತ್ತಿದ್ದಳು. ಗೌರಿಹಬ್ಬಕ್ಕೆ ಮರಳಗೌರಿ ಮಾಡಲು ಊರ ಹೆಂಗಸರು ಹೊಳೆಗೆ ಇಳಿದರೆ, ನಮ್ಮ ಅಜ್ಜಿ ದಿಬ್ಬದ ನೆತ್ತಿಯಿಂದ ಐದು ಹಿಡಿ ತರುತ್ತಿದ್ದಳು. ಹಬ್ಬ ಮುಗಿದ ಮೇಲೆ ಆ ಐದು ಹಿಡಿಯೂ ನೆತ್ತಿಗೇ ಮರಳಬೇಕು. ನಡುವೆ ಒಂದು ಚಿಟಿಕೆ ಚೆಲ್ಲಿದರೂ ಅವಳು ಬಗ್ಗಿ ಆರಿಸುತ್ತಿದ್ದಳು.

ದಿಬ್ಬಕ್ಕೂ ನಮ್ಮ ಹಿತ್ತಲಿಗೂ ನಡುವೆ ಒರತೆ ಇತ್ತು. ಮರಳಿನಲ್ಲಿ ತೋಡಿದ ಆಳುದ್ದದ ಗುಂಡಿ. ಹೊಳೆಯ ನೀರು ದಿಬ್ಬದ ಕೆಳಗಿಂದ ಸೋಸಿ ಬಂದು ಅಲ್ಲಿ ತಿಳಿಯಾಗಿ ನಿಲ್ಲುತ್ತಿತ್ತು. ನಾವು ಕುಡಿಯುತ್ತಿದ್ದುದು ಅದನ್ನೇ. ಇಳಿಯಲು ಏಳು ಕಲ್ಲು ಹಾಸಿದ್ದರು, ತಳದಿಂದ ಎಣಿಸಬೇಕು. ಬೇಸಿಗೆಯಲ್ಲಿ ಒಂದನೆಯ ಕಲ್ಲು ಒದ್ದೆಯಾಗಿರುತ್ತಿತ್ತು, ಅಷ್ಟೆ. ಶ್ರಾವಣದಲ್ಲಿ ಮೂರು ಮುಳುಗುತ್ತಿದ್ದವು. ನನಗೆ ಆರೋ ಏಳೋ ವರ್ಷವಾದಾಗ ಅಜ್ಜಿ ನನ್ನನ್ನು ಒರತೆಯ ಬಾಯಿಗೆ ಕೂರಿಸಿಕೊಂಡು ಹೇಳಿಕೊಟ್ಟಳು.

“ನಾಕು ಮುಳುಗುದ್ರೆ ರಾಗಿ ಅಟ್ಟಕ್ಕೆ. ಐದು ಮುಳುಗುದ್ರೆ ದನ ಮೇಲಿನ ಬೀದಿಗೆ. ಆರು ಮುಳುಗುದ್ರೆ ನಾವೇ ಓಗದು. ಬೆಳಿಗ್ಗೆ ಒಂದು ಸಲ, ಬೈಗಿಗೆ ಒಂದು ಸಲ ನೋಡ್ಬುಟ್ಟು ಬಂದು ನಂಗೆ ಯೋಳ್ಬೇಕು. ಇದು ನಿನ್ ಕೆಲ್ಸ. ಇನ್ಯಾರಿಗೂ ಕೊಡಕಿಲ್ಲ.”

ಆ ಕೆಲಸ ನನ್ನನ್ನು ದೊಡ್ಡವಳನ್ನಾಗಿ ಮಾಡಿತು. ಹಲ್ಲುಜ್ಜುವ ಮೊದಲು ಒರತೆಗೆ ಓಡುತ್ತಿದ್ದೆ. ಜ್ವರ ಬಂದ ದಿನವೂ ಕಂಬಳಿ ಹೊದ್ದು ಹೋಗಿ ಬಂದಿದ್ದೇನೆ. ‘ಮೂರೂವರೆ’ ಎಂದು ಬಂದು ಹೇಳಿದರೆ ಅಜ್ಜಿ ಗಂಭೀರವಾಗಿ ತಲೆಯಾಡಿಸುತ್ತಿದ್ದಳು. ಅಪ್ಪ ಕೂಡ ಊಟದ ಮಧ್ಯೆ ‘ಏನಮ್ಮ, ಇವತ್ತು ಎಷ್ಟು ಕಲ್ಲು?’ ಎಂದು ಕೇಳುತ್ತಿದ್ದ. ಮನೆಯಲ್ಲಿ ಇಷ್ಟು ಜನರಿದ್ದೂ ಹೊಳೆಯ ವಿಚಾರಕ್ಕೆ ಎಲ್ಲರೂ ನನ್ನ ಬಾಯಿ ನೋಡುತ್ತಾರೆ ಎಂಬುದು ನನ್ನ ಎಲುಬಿಗೇ ಇಳಿದುಬಿಟ್ಟಿತು. ಹೆದರುವವರನ್ನು ಕಂಡರೆ ನಗು ಬರುವುದೂ ಅಲ್ಲಿಂದಲೇ ಶುರುವಾಯಿತು.

ನಮ್ಮ ಮನೆಯಲ್ಲಿ ಹೆದರುತ್ತಿದ್ದವಳು ಅವ್ವ ಒಬ್ಬಳೇ. ಅವಳ ತವರು ಹನೂರಿನ ಆಚೆ, ಲೊಕ್ಕನಹಳ್ಳಿ. ಕಾಡಂಚಿನ ಊರು, ಮಳೆ ನಂಬಿದ ಹೊಲ. ಅವಳು ಹುಟ್ಟಿ ಬೆಳೆದ ಕಡೆ ನೀರಿನಿಂದ ಯಾರೂ ಸತ್ತದ್ದಿಲ್ಲ. ಆನೆಯದು, ಹಂದಿಯದು ಅಲ್ಲಿನ ಭಯ. ಮದುವೆಯಾಗಿ ಬಂದ ಮೇಲೆ ಹೊಳೆಯ ಮೊರೆತ ಕೇಳಿದರೆ ಅವಳಿಗೆ ನಿದ್ದೆ ಇರಲಿಲ್ಲ. ನೀರು ಸ್ವಲ್ಪ ಕೆಂಪಗಾದರೆ ಸಾಕು, ಬಟ್ಟೆಗಂಟು ಕಟ್ಟಿ ಬಾಗಿಲ ಬಳಿ ಇಡುತ್ತಿದ್ದಳು. ಮೇಲಿನ ಬೀದಿಯಲ್ಲಿ ನಮಗೊಂದು ಖಾಲಿ ಜಾಗವಿತ್ತು, ಅಲ್ಲಿ ಮನೆ ಕಟ್ಟೋಣ ಎಂದು ಅಪ್ಪನನ್ನು ವರ್ಷಕ್ಕೊಮ್ಮೆ ಕೇಳುತ್ತಿದ್ದಳು. ಜಗಳ ಶುರುವಾಗುತ್ತಿದ್ದುದು ಆ ಗಂಟಿನಿಂದಲೇ.

“ಯಾರ್ ಮನ್ಗೆ ಒಂಟವಳೆ ನಿನ್ನೆಂಡ್ತಿ?” ಎಂದು ಅಜ್ಜಿ ಅಪ್ಪನಿಗೆ ಹೇಳುವ ಹಾಗೆ ಅವ್ವನಿಗೆ ಹೇಳುತ್ತಿದ್ದಳು.

“ನಮ್ಮೂರಲ್ಲಿ ಸದ್ದು ಕೇಳುದ್ರೆ ಮೊದ್ಲು ಓಡ್ತೀವಿ ಕಣತ್ತೆ. ಆನೆಯೋ ಎತ್ತೋ ಅಂತ ಆಮೇಲೆ ತಿರುಗಿ ನೋಡ್ತೀವಿ.”

“ಅದ್ಕೇಯ ನಿಮ್ಮೂರೋರು ತಾವು ಬೆಳ್ದ ರಾಗಿಯ ಆನೆಗೆ ಉಣ್ಣುಸ್ಬುಟ್ಟು ಬರಿಗೈಲಿ ಬರದು. ಇಲ್ಲಿ ದಿಬ್ಬ ಅದೆ. ಹೊಳೆ ಬಂದು ದಿಬ್ಬದ್ ಕಾಲು ತಿಂದ್ರೆ, ಗಾಳಿ ಬಂದು ತುಂಬ್ತದೆ. ಕೇಳ್ಬೇಕಾರೆ ನಿನ್ ಮಗಳ್ನೇ ಕೇಳು, ಎಷ್ಟು ಕಲ್ಲು ಅಂತ.”

ನಾನು ‘ಎರಡು!’ ಎಂದು ಕೂಗಿ ನಗುತ್ತಿದ್ದೆ. ಅವ್ವ ಗಂಟು ಬಿಚ್ಚುತ್ತಾ, “ನೀನು ನಿಮ್ಮಜ್ಜಿ ಮಗಳು ಬುಡು, ನನ್ ಮಗಳಲ್ಲ” ಎನ್ನುತ್ತಿದ್ದಳು. ಅದು ನನಗೆ ಹೊಗಳಿಕೆಯಾಗಿ ಕೇಳುತ್ತಿತ್ತು. ಈಗ ಆ ಮಾತು ನೆನಪಾದರೆ ಸುಸ್ತಾಗುತ್ತದೆ.

ಒಂದು ವರ್ಷ ಆರನೆಯ ಕಲ್ಲೂ ಮುಳುಗಿತು. ನೀರು ಏರಿದ್ದು ನಾಲ್ಕು ದಿನ, ನಿಧಾನವಾಗಿ, ದಿನಕ್ಕೊಂದು ಕಲ್ಲಿನ ಹಾಗೆ. ರಾಗಿ ಅಟ್ಟಕ್ಕೆ ಹೋಯಿತು, ದನ ಮೇಲಿನ ಬೀದಿಗೆ ಹೋದವು, ನಾವು ಎತ್ತರದಲ್ಲಿದ್ದ ಶಾಲೆಗೆ ಹೋಗಿ ಉಳಿದೆವು. ವಾಪಸ್ಸು ಬಂದಾಗ ನೀರು ಹೊಸಿಲು ಒದ್ದೆ ಮಾಡಿ ಇಳಿದಿತ್ತು, ಅಷ್ಟೆ. ದಿಬ್ಬದ ಹೊಳೆಮಗ್ಗುಲು ಮಾತ್ರ ಕುಡುಗೋಲಿನಿಂದ ಕೊಯ್ದ ಹಾಗೆ ನೆಟ್ಟಗೆ ನಿಂತಿತ್ತು, ಹುಲ್ಲಿನ ಬೇರು ಗಾಳಿಗೆ ತೂಗಾಡುತ್ತಿದ್ದವು. ಅದನ್ನು ನೋಡಿ ನಾನು ಅತ್ತುಬಿಟ್ಟೆ. ಮುಂದಿನ ಆಷಾಢಕ್ಕೆ ಅರ್ಧ ತುಂಬಿತು, ಅದರ ಮುಂದಿನದಕ್ಕೆ ಪೂರ್ತಿ ತುಂಬಿತು. ಅಜ್ಜಿ ನನ್ನನ್ನು ಕರೆದೊಯ್ದು ತೋರಿಸಿದಳು: “ತಕಂಡೋದದ್ನೆಲ್ಲ ತಂದ್ ಬುಟ್ಟದೆ ನೋಡು.”

ಮುಂದೆ ಕೊಳ್ಳೇಗಾಲದಲ್ಲಿ ಡಿಗ್ರಿ ಓದುವಾಗ ಭೂಗೋಳವನ್ನೇ ಆರಿಸಿಕೊಂಡೆ. ದಡದ ಮರಳೂ ದಿಬ್ಬದ ಮರಳೂ ಬೇರೆಬೇರೆಯಲ್ಲ, ಪ್ರವಾಹ ಬಂದಾಗ ದಿಬ್ಬ ತನ್ನ ಮರಳನ್ನು ಬಿಟ್ಟುಕೊಟ್ಟು ಪೆಟ್ಟು ತಡೆಯುತ್ತದೆ, ಆಮೇಲೆ ಗಾಳಿ ಅದನ್ನು ಮತ್ತೆ ಕಟ್ಟುತ್ತದೆ ಎಂದು ಪಾಠದಲ್ಲಿ ಓದಿದಾಗ ನನಗೆ ಆಶ್ಚರ್ಯವೇ ಆಗಲಿಲ್ಲ. ಅಜ್ಜಿ ಹೇಳಿದ್ದನ್ನೇ ಪುಸ್ತಕದವರು ಕದ್ದಿದ್ದಾರೆ ಅನ್ನಿಸಿತು. ಯಳಂದೂರಿನಲ್ಲಿ ಉಪನ್ಯಾಸಕಿಯಾದ ಮೇಲೆ ಪ್ರತಿ ವರ್ಷ ಆ ಪಾಠ ಬಂದಾಗ ನಮ್ಮ ಒರತೆಯ ಕಥೆ ಹೇಳುತ್ತಿದ್ದೆ. ಅಜ್ಜಿ ಹೋದಳು, ಅಪ್ಪ ಹೋದ. ಶಿವು ಅಲ್ಲೇ ವ್ಯವಸಾಯಕ್ಕೆ ನಿಂತ, ಮದುವೆಯಾದ. ಅವ್ವ ಅವನ ಜೊತೆಗಿದ್ದಳು. ನಾನು ಹಬ್ಬಕ್ಕೋ ರಜೆಗೋ ಹೋಗಿ ಬರುತ್ತಿದ್ದೆ. ಹೋದಾಗಲೆಲ್ಲ ದಿಬ್ಬ ಕುಗ್ಗಿದ ಹಾಗೆ ಕಾಣುತ್ತಿತ್ತು. ಕಾರಣಗಳೂ ನನಗೆ ಗೊತ್ತಿದ್ದವು, ತರಗತಿಯಲ್ಲಿ ಹೇಳುತ್ತಲೂ ಇದ್ದೆ. ಮೇಲಿನ ಅಣೆಕಟ್ಟೆಗಳಲ್ಲಿ ಮರಳು ನಿಂತುಬಿಡುತ್ತದೆ. ಕೆಲವು ವರ್ಷ ಮಳೆಯೇ ಇಲ್ಲದೆ ಹೊಳೆ ಸಣ್ಣಗಾಗಿ ಮರಳಹಾಸಿನ ಮೇಲೆ ಜಾಲಿ ಬೆಳೆಯುತ್ತದೆ, ಗಾಳಿಗೆ ಎತ್ತಲು ಏನೂ ಸಿಗುವುದಿಲ್ಲ. ಇನ್ನು ಕೆಲವು ವರ್ಷ ಗಾಳಿಯ ಕಾಲದಲ್ಲೇ ಮಳೆ ಹುಯ್ದು ಮರಳು ಒದ್ದೆಯಾಗಿ ಅಂಟಿ ಕೂರುತ್ತದೆ. ತಿಂಗಳಿಡೀ ಹಂಚಿ ಬೀಳುತ್ತಿದ್ದ ಮಳೆ ಮೂರೇ ದಿನದಲ್ಲಿ ಸುರಿದು, ಹೊಳೆ ಒಂದು ಗಾಯ ಮಾಯುವ ಮೊದಲೇ ಇನ್ನೊಂದು ಸಲ ಬಂದು ತಿನ್ನುತ್ತದೆ. ಟ್ರ್ಯಾಕ್ಟರಿನವರೂ ಒಂದಷ್ಟು ಒಯ್ದರು, ಅದನ್ನೂ ಹೇಳಬೇಕು. ಇಷ್ಟೆಲ್ಲ ಗೊತ್ತಿತ್ತು. ಗೊತ್ತಿದ್ದದ್ದು ಒಂದು ಕಡೆ ಇತ್ತು, ಒರತೆ ಇನ್ನೊಂದು ಕಡೆ ಇತ್ತು. ಎರಡನ್ನೂ ಸೇರಿಸಿ ನೋಡಬೇಕೆಂದು ನನಗೆ ಒಂದು ದಿನವೂ ಹೊಳೆಯಲಿಲ್ಲ.

ಆ ಶ್ರಾವಣದಲ್ಲಿ ಅವ್ವನಿಗೆ ಕಣ್ಣಿನ ಪೊರೆ ತೆಗೆಸಿದ್ದೆವು. ಶಿವುವಿನ ಹೆಂಡತಿ ತವರಿನ ಮದುವೆಗೆಂದು ಹೂಗ್ಯಂ ಊರಿಗೆ ಹೋಗಿದ್ದಳು. ಅವ್ವನಿಗೆ ದಿನಕ್ಕೆ ನಾಲ್ಕು ಸಲ ಡ್ರಾಪ್ಸ್ ಹಾಕಬೇಕಲ್ಲ ಎಂದು ನಾನು ರಜೆ ಹಾಕಿ ಊರಿಗೆ ಬಂದಿದ್ದೆ. ನಮ್ಮಲ್ಲಿ ಮಳೆ ಇರಲಿಲ್ಲ, ಬಿಸಿಲು ಚೆನ್ನಾಗಿಯೇ ಇತ್ತು. ಮಳೆಯೆಲ್ಲ ಮೇಲೆ, ಕೊಡಗಿನ ಕಡೆ, ವಯನಾಡಿನ ಕಡೆ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಮೈಕು ಕಟ್ಟಿದ ಆಟೋ ಬೀದಿಯಲ್ಲಿ ಬಂತು. ಹೊಳೆಗೆ ಹೆಚ್ಚು ನೀರು ಬಿಟ್ಟಿದ್ದಾರೆ, ದಡದವರು ಕೂಡಲೇ ಶಾಲೆಗೆ ಹೋಗಬೇಕು ಎಂದು ಕೂಗಿಕೊಂಡು ಹೋಯಿತು. ಶಿವು ಎದ್ದು ಪಂಚೆ ಕಟ್ಟಿದ.

“ಅಕ್ಕ, ಮೋಟ್ರು ಹೊಳೆ ದಡದಲ್ಲೇ ಅದೆ, ಎತ್ಕಂಡು ಬತ್ತೀನಿ. ನೀನು ಅವ್ವನ್ನ ಕರ್ಕಂಡು ಸ್ಕೂಲ್ ತಾವ್ಕೆ ನಡಿ.”

ಅವನು ಹೊರಟ. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು, ಕೈ ಆಗಲೇ ಸೀರೆ ಮಡಿಸುತ್ತಿತ್ತು.

“ನಡಿಯವ್ವ, ಓಗ್ಬುಡಾನ” ಎಂದಳು.

“ತಡಿ, ಒರತೆ ನೋಡ್ಕೊಂಡು ಬರ್ತೀನಿ.”

ಹಿತ್ತಲಿಗೆ ಹೋದೆ. ಮೂರು ಕಲ್ಲು. ನೀರು ಕನ್ನಡಿಯ ಹಾಗೆ ತಿಳಿ, ತಳದ ಮರಳಿನ ಕಾಳು ಎಣಿಸಬಹುದಿತ್ತು. ಅಲ್ಲಿಂದ ದಿಬ್ಬದ ನೆತ್ತಿಗೆ ಇಪ್ಪತ್ತು ಹೆಜ್ಜೆ. ಹತ್ತಲಿಲ್ಲ. ಯಾಕೆ ಹತ್ತಲಿಲ್ಲ ಎಂದು ಆಮೇಲೆ ನನ್ನನ್ನು ನಾನೇ ಎಷ್ಟು ಸಲ ಕೇಳಿಕೊಂಡಿದ್ದೇನೋ. ಕಾಲು ಸುಡುತ್ತಿತ್ತೆಂದಲ್ಲ, ಹೊತ್ತಿರಲಿಲ್ಲವೆಂದಲ್ಲ. ಹತ್ತಬೇಕು ಅನ್ನಿಸಲೇ ಇಲ್ಲ. ಒರತೆ ನೋಡಿಯಾಗಿತ್ತಲ್ಲ. ಒಳಗೆ ಬಂದು ಚಿಕ್ಕಂದಿನ ಅದೇ ದನಿಯಲ್ಲಿ ಹೇಳಿದೆ.

“ಮೂರೇ ಕಲ್ಲು ಕಣವ್ವ. ಇನ್ನೂ ಟೈಮದೆ. ಅನ್ನ ಆಗ್ಲಿ, ಡ್ರಾಪ್ಸ್ ಹಾಕ್ತೀನಿ, ಉಂಡು ಹೋಗಾನ.”

“ಮೂರಾ?”

“ಮೂರು.”

ಅವ್ವನ ಕೈ ಸೀರೆಯ ಮೇಲೇ ನಿಂತಿತು. ಏನೋ ಹೇಳಲು ಬಾಯಿ ತೆರೆದಳು. ಆಮೇಲೆ “ಸರಿ ಬುಡು” ಎಂದು ಸೀರೆಯನ್ನು ಪಕ್ಕಕ್ಕಿಟ್ಟಳು.

ಒರತೆ ಸುಳ್ಳು ಹೇಳಿರಲಿಲ್ಲ. ನೀರು ಮರಳಿನೊಳಗೆ ಜಿನುಗಿ ಬರಲು ಸಮಯ ಬೇಕು. ಹೊಳೆ ನಾಲ್ಕು ದಿನ ಏರುತ್ತಿದ್ದ ಕಾಲದಲ್ಲಿ ಒರತೆ ಅದರ ಹಿಂದೆಹಿಂದೆಯೇ ಏರುತ್ತಿತ್ತು. ಈಗ ಹೊಳೆ ಒಂದು ಬೆಳಗಿನಲ್ಲಿ ಏರುತ್ತದೆ. ನಾನು ಕಂಡ ಮೂರು ಕಲ್ಲು ಹಿಂದಿನ ದಿನದ ಹೊಳೆಯದ್ದು. ಇದನ್ನು ಯಾವ ಪಿ.ಯು. ಹುಡುಗಿಯಾದರೂ ಹಲಗೆಯ ಮೇಲೆ ಚಿತ್ರ ಬರೆದು ವಿವರಿಸಬಲ್ಲಳು.

ಅನ್ನ ಬಸಿದೆ. ಅವ್ವನ ಕಣ್ಣಿಗೆ ಡ್ರಾಪ್ಸ್ ಹಾಕಿ, ಎರಡು ನಿಮಿಷ ಮುಚ್ಚಿಕೊಂಡಿರು ಎಂದೆ. ಆಗ ಹಿತ್ತಲ ಕಡೆ ಸದ್ದಾಯಿತು, ಲಾರಿಯಿಂದ ಭತ್ತದ ಮೂಟೆ ಕೆಳಗೆ ಹಾಕಿದ ಹಾಗೆ. ಸ್ವಲ್ಪ ಬಿಟ್ಟು ಇನ್ನೊಂದು. ಹೋಗಿ ಬಾಗಿಲು ತೆಗೆದೆ. ದಿಬ್ಬದ ನೆತ್ತಿ ಕುಸಿಯುತ್ತಿತ್ತು. ನಾನು ನೋಡುತ್ತಿದ್ದ ಹಾಗೆಯೇ ಒಂದು ಕಡೆ ಮೊಣಕಾಲಿನಷ್ಟು ತಗ್ಗಾಯಿತು, ಆ ತಗ್ಗಿನಲ್ಲಿ ಹೊಳೆ ಕಂಡಿತು. ನನ್ನ ಎದೆಯ ಎತ್ತರದಲ್ಲಿ, ಕೆಂಪಗೆ, ನಿಂತ ಹಾಗೆ. ನಾವು ದಿಬ್ಬ ಅಂದುಕೊಂಡಿದ್ದು ಇಷ್ಟು ವರ್ಷ ಹೊಳೆಮಗ್ಗುಲಲ್ಲಿ ಸವೆದು ಸವೆದು ಒಂದು ಗೋಡೆಯಷ್ಟೇ ಉಳಿದಿತ್ತು. ಮನೆಯ ಕಡೆಯಿಂದ ನೋಡಿದರೆ ಅದು ಕಾಣುವ ಹಾಗಿರಲಿಲ್ಲ. ನೀರು ತಗ್ಗಿನಿಂದ ಇಳಿಯಿತು, ಒರತೆ ಎಲ್ಲಿತ್ತೆಂದು ತಿಳಿಯಲಿಲ್ಲ. ನಾನು ಒಳಗೆ ಓಡುವಷ್ಟರಲ್ಲಿ ನೀರು ನನಗಿಂತ ಮುಂದೆ ಓಡಿತು.

ಅವ್ವ ಮಂಚದ ಮೇಲೆ ಹಾಗೇ ಕೂತಿದ್ದಳು. ನೀರು ಅವಳ ಪಾದಕ್ಕೆ ಬಂದಿತ್ತು. ಕಣ್ಣು ಮುಚ್ಚಿಕೊಂಡೇ ಇದ್ದಳು, ನಾನು ಹೇಳಿದ್ದೆನಲ್ಲ.

“ಯೇನವ್ವ ಅದು ಸದ್ದು? ಬುಡ್ಲಾ ಕಣ್ಣ?”

ನನಗೆ ದಿನಾ ಕಾಣುವುದು ಇದೇ. ಕುಸಿಯುವ ದಿಬ್ಬವಲ್ಲ. ನೀರಿನಲ್ಲಿ ಪಾದವಿಟ್ಟು, ಮುಖ ಮೇಲಕ್ಕೆತ್ತಿ, ಕಣ್ಣು ಬಿಡಲು ನನ್ನ ಅಪ್ಪಣೆ ಕೇಳುತ್ತ ಕೂತ ಅವ್ವ. ಪಾಠ ಮಾಡುತ್ತಿರುವಾಗ ಕಾಣುತ್ತದೆ, ಬಸ್ಸಿನಲ್ಲಿ ಕಾಣುತ್ತದೆ.

ಬೀದಿಬಾಗಿಲು ತೆಗೆಯಲು ಆಗಲಿಲ್ಲ. ಹೊರಗಿನಿಂದಲೂ ನೀರು ಒತ್ತುತ್ತಿತ್ತು. ಅವ್ವನನ್ನು ರಾಗಿ ಪೆಟ್ಟಿಗೆಯ ಮೇಲೆ ಹತ್ತಿಸಿ, ಅಲ್ಲಿಂದ ಏಣಿಗೆ ಅವಳ ಕಾಲು ಒಂದೊಂದಾಗಿ ಎತ್ತಿಟ್ಟು ಅಟ್ಟಕ್ಕೆ ದೂಡಿದೆ. ನಾನು ಹತ್ತುವಾಗ ನೀರು ನನ್ನ ಸೊಂಟದಲ್ಲಿತ್ತು. ಅಟ್ಟದಲ್ಲಿ ಅವಳು ನನ್ನ ಜಡೆಯನ್ನು ಮುಷ್ಟಿಯಲ್ಲಿ ಸುತ್ತಿಕೊಂಡು ಹಿಡಿದಿದ್ದಳು, ಬಿಡಲಿಲ್ಲ. ಕೆಳಗೆ ಪಾತ್ರೆಗಳು ಒಂದಕ್ಕೊಂದು ತಾಕಿ ಮದುವೆಮನೆಯ ಹಾಗೆ ಸದ್ದು ಮಾಡುತ್ತಿದ್ದವು. ಹಿತ್ತಲ ಗೋಡೆ ಬಿತ್ತು, ಮಾಡು ಒಂದು ಕಡೆ ವಾಲಿತು. ಎಷ್ಟು ಹೊತ್ತು ಹೀಗಿದ್ದೆವೋ ಗೊತ್ತಿಲ್ಲ. ಕೊನೆಗೆ ತಲೆಯ ಮೇಲೆ ಹೆಂಚು ಸರಿದು ಬೆಳಕು ಬಂತು, ಶಿವುವಿನ ಮುಖ ಕಂಡಿತು. ಅವನ ಹಿಂದೆ ಮೀನು ಹಿಡಿಯುವ ಸಿದ್ದ, ತೆಪ್ಪದ ಹಗ್ಗವನ್ನು ತೊಲೆಗೆ ಬಿಗಿಯುತ್ತಿದ್ದ. ಶಿವು ಇನ್ನೂ ಹೆಂಚು ಕೀಳುತ್ತಲೇ ಇದ್ದ. ಮಾತಾಡಿದವನು ಸಿದ್ದ.

“ಬಾ ಅಜ್ಜಿ, ಕೈ ಕೊಡು. ಡಾಕ್ಟ್ರು ಕಣ್ಣಿಗೆ ನೀರು ತಾಕುಸ್ಬ್ಯಾಡಿ ಅಂದ್ರೆ, ನೀನು ಹೊಳೆನೇ ಮನೆಗೆ ಕರ್ದಿದ್ದೀಯಲ್ಲ!”

“ನಾ ಕರೀಲಿಲ್ಲ ಕಣ್ಲಾ” ಎಂದಳು ಅವ್ವ.

ಹೊಳೆ ಇಳಿದ ಮೇಲೆ ಶಿವುವಿನ ಜೊತೆ ಹೋಗಿ ನೋಡಿದೆ. ದಿಬ್ಬವಿದ್ದ ಕಡೆ ಚಪ್ಪಟೆ ದಡ. ಮರಳು ಎಲ್ಲಿಗೂ ಹೋಗಿರಲಿಲ್ಲ, ಹಿಂದಕ್ಕೆ ಸರಿದಿತ್ತು. ಪಡಸಾಲೆಯಲ್ಲಿ ಕಿಟಕಿಯ ಮಟ್ಟಕ್ಕೆ ಇತ್ತು, ಮಂಚ ಅದರೊಳಗೆ ಹೂತಿತ್ತು. ನಿಲ್ಲಲು ಜಾಗ ಸಿಗದಿದ್ದಾಗ ದಿಬ್ಬಗಳು ಒಳನಾಡಿಗೆ ಸರಿಯುತ್ತವೆ ಎಂದು ಓದಿದ್ದೆ, ಓದಿಸಿದ್ದೆ. ಆ ಒಳನಾಡು ನಮ್ಮ ಅಡಿಗೆಮನೆ ಆಗಿತ್ತು. ಶಿವು ಉಳಿದ ಗೋಡೆಗೆ ಒರಗಿ ನಿಂತು ಕೇಳಿದ.

“ಅಕ್ಕ, ನೀನು ಓದ್ದೋಳು, ನೀನೇ ಯೋಳು. ಗಾಳಿ ಬಂದ್ರೆ ಮತ್ತೆ ದಿಬ್ಬ ಆಯ್ತದಾ? ಆಗೋದಾದ್ರೆ ಇಲ್ಲೇ ಕಟ್ಬುಡ್ತೀನಿ. ಅಜ್ಜಿ ಇದ್ದ ಜಾಗ, ಬುಡಕ್ಕೆ ಮನ್ಸಿಲ್ಲ.”

ನೋಡಿ ಹೇಳುತ್ತೇನೆ ಎಂದೆ. ಅವನು ವಾರಕ್ಕೊಮ್ಮೆ ಫೋನು ಮಾಡಿ ಅದನ್ನೇ ಕೇಳುತ್ತಿದ್ದ. ನಾನು ವಾರಕ್ಕೊಮ್ಮೆ ಅದನ್ನೇ ಹೇಳುತ್ತಿದ್ದೆ.

ಅವ್ವನನ್ನು ಯಳಂದೂರಿಗೆ ಕರೆತಂದಿದ್ದೆ. ಕಣ್ಣು ಹಾಳಾಗಲಿಲ್ಲ, ಅದೊಂದು ಪುಣ್ಯ. ಅವಳು ನನ್ನನ್ನು ಒಂದು ಮಾತೂ ಬೈಯಲಿಲ್ಲ. ಅದೇ ತಡೆಯಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟವಾದ ಮೇಲೆ, ಅವಳು ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದಾಗ ನಾನೇ ಆ ಮಾತು ತೆಗೆದೆ. ಅಜ್ಜಿ ಇದ್ದಿದ್ದರೂ ಅವತ್ತು ಮೋಸ ಹೋಗುತ್ತಿದ್ದಳು, ಅವಳೂ ಮೂರು ಕಲ್ಲು ನೋಡಿ ಕೂತುಬಿಡುತ್ತಿದ್ದಳು ಎಂದೆ. ಅವ್ವ ನನ್ನನ್ನು ವಿಚಿತ್ರವಾಗಿ ನೋಡಿದಳು.

“ನಿಮ್ಮಜ್ಜಿನಾ? ನಿಮ್ಮಜ್ಜಿ ಯಾವತ್ತು ಕಲ್ಲು ನೋಡುದ್ಲು? ದಿನಕ್ಕೆ ಮೂರು ಸಲ ದಿಬ್ಬ ಹತ್ತಿ ಹೊಳೆ ನೋಡೋಳು. ತೆಪ್ಪದೋರ ಕೂಗಿ ಕೇಳೋಳು, ಮೇಲೆ ನೀರು ಎಂಗದೆ ಅಂತ. ನೀನು ಬಂದು ನಾಕು ಅನ್ನೋ ಹೊತ್ಗೆ ನಾವು ರಾಗಿ ಮೂಟೆ ಕಟ್ಟಿ ಆಗಿರದು.”

“ಮತ್ತೆ ಕಲ್ಲು?”

“ಅದು ನಿಂಗೆ ಅಂತ ಮಾಡಿದ್ದು ಕಣವ್ವ. ನೀನು ಕಣ್ಣು ತಪ್ಸಿ ದಿಬ್ಬ ಹತ್ತಿ ಹೊಳೆಗೆ ಇಳ್ದುಬುಡೋಳು. ಒಂದಿನ ಕುತ್ತಿಗೆ ಮಟ್ಟ ನೀರಲ್ಲಿ ನಿಂತಿದ್ದೆ, ನಿಮ್ಮಪ್ಪ ಎಳ್ಕಂಡು ಬಂದ್ರು. ಒಡುದ್ರೂ ಕೇಳ್ಲಿಲ್ಲ. ಈ ಕಡೆನೇ ಒಂದು ಕೆಲ್ಸ ಕೊಟ್ರೆ ಆ ಕಡೆ ಓಗಕಿಲ್ಲ ಅಂತ ಅತ್ತೆನೂ ನಾನೂ ಕುಂತು ಯೋಚ್ನೆ ಮಾಡುದ್ವಿ. ಅದೊಂದ್ರಲ್ಲಿ ನಮ್ಮಿಬ್ರಿಗೂ ಜಗಳ ಇರ್ಲಿಲ್ಲ. ಸರಿಯೋಯ್ತು, ನೀನು ಆಮೇಲೆ ಒಬ್ಳೇ ದಿಬ್ಬದ ಕಡೆ ತಲೆನೇ ಆಕ್ಲಿಲ್ಲ.”

ಹೊರಗೆ ಯಾರೋ ತರಕಾರಿ ಕೂಗಿಕೊಂಡು ಹೋದರು. ನಾನು ಚಾಪೆಯ ತುದಿಗೆ ಬಂದು ಕೂತೆ.

“ಅವತ್ತು ಯಾಕೆ ಹೇಳಲಿಲ್ಲ ಅವ್ವ? ಮೂರು ಅಂದಾಗ?”

“ಯೋಳನ ಅಂದ್ಕಂಡೆ. ಆದ್ರೆ ನೀನು ಕಾಲೇಜಲ್ಲಿ ಅದ್ನೇ ಪಾಠ ಮಾಡೋಳು. ನಾವು ಆಟಕ್ಕೆ ಯೋಳ್ಕೊಟ್ಟಿದ್ರಲ್ಲಿ ನೀನು ಓದ್ಕಂಡು ಇನ್ನೇನಾದ್ರೂ ನಿಜ ಕಂಡಿದ್ದೀಯೇನೋ ಅನ್ನುಸ್ತು. ನಂಗೂ ಕಣ್ಣು ಕಾಣ್ತಿರ್ಲಿಲ್ಲ. ಮಗಳು ಯೋಳ್ತಾವಳೆ ಅಂತ ಕುಂತೆ.”

ಹೇಳಿ ಅವಳು ಸೆರಗು ಹೊದ್ದು ಗೋಡೆಯ ಕಡೆ ಹೊರಳಿ ಮಲಗಿದಳು. ನಾನು ಎದ್ದು ಹೊರಗೆ ಬಂದು ಶಿವುವಿಗೆ ಫೋನು ಮಾಡಿದೆ. ಎಂದಿನ ಹಾಗೆ ಅವನು “ಏನಕ್ಕ, ನೋಡುದ್ಯಾ? ದಿಬ್ಬ ಆಯ್ತದಾ?” ಎಂದು ಶುರು ಮಾಡಿದ. ನನಗೆ ಗೊತ್ತಿಲ್ಲ ಎಂದೆ. ಆ ಮಾತನ್ನು ಅವನಿಗೆ ನಾನು ಅಲ್ಲಿಯವರೆಗೆ ಹೇಳಿರಲಿಲ್ಲ. ಮೇಲಿನ ಬೀದಿಯ ಜಾಗಕ್ಕೆ ಪಾಯ ತೆಗೆಸು, ಬಾಗಿಲು ಯಾವ ಕಡೆಗೆ ಇರಬೇಕೆಂದು ಅವ್ವನನ್ನು ಕೇಳು, ಅವಳು ಎದ್ದ ಮೇಲೆ ಫೋನು ಕೊಡುತ್ತೇನೆ ಎಂದೆ.